ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ

ನಮಸ್ಕಾರ. ಪಾವಗಡದ ಕಡೆಯ ನಿಮ್ಮ ಬೋರ್‌ವೆಲ್ ನೀರಿನ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಬಂದಿದೆ, ಮಕ್ಕಳಿಗೆ ಕುದಿಸಿ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಸಾಂದ್ರತೆ ಇನ್ನಷ್ಟು ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ (ಅತಿನೇರಳೆ ಕಿರಣದ) ಫಿಲ್ಟರ್ ಕೂಡ ಇದಕ್ಕೆ ಉಪಯೋಗವಿಲ್ಲ. ಬೇರೆ ನೀರೇ ಇಲ್ಲದಿದ್ದರೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ.

ಆ ಭಾಗದ ಗ್ರಾನೈಟ್ ಬಂಡೆಯಲ್ಲೇ ಫ್ಲೋರೈಡ್ ಖನಿಜಗಳಿವೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್ ಹೆಚ್ಚು ಕರಗುತ್ತದೆ. ಗಡಸಿಲ್ಲದ ನೀರೆಂದರೆ ಕ್ಯಾಲ್ಸಿಯಂ ಕಡಿಮೆಯಿರುವ ನೀರು, ಹಾಗಾಗಿ 'ನಮ್ಮ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತೆ, ಗಡಸಿಲ್ಲ' ಎಂಬ ಧೈರ್ಯ ಬೇಡ.

ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ (NEERI) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ ಮತ್ತು ಆಲಂ (ಪಟಿಕ) ಹಾಕಿ ಕಲಕುತ್ತಾರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹತ್ತಿಯಂತೆ ಗರಣೆಗಟ್ಟಿ, ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಆದರೆ ಹಾಕಬೇಕಾದ ಸುಣ್ಣ, ಆಲಂನ ಪ್ರಮಾಣ ಪ್ರತಿ ನೀರಿಗೂ ಬೇರೆ. ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ.

ಫ್ಲೋರೈಡನ್ನು ಹಿಡಿದಿಡುವ ಅಲ್ಯೂಮಿನಿಯಂ ಆಕ್ಸೈಡ್ ಹರಳುಗಳಿರುವ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಒಳ್ಳೆಯದು. ಆ ಹರಳುಗಳು ಫ್ಲೋರೈಡ್‌ನಿಂದ ತುಂಬಿದ ಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆದು, ಆಮ್ಲದಿಂದ ಸರಿಪಡಿಸಿ ಮತ್ತೆ ಬಳಸಬಹುದು. ಇದನ್ನು ಯಾರು ಮಾಡಿಕೊಡುತ್ತಾರೆ ಎಂದು ಕೊಳ್ಳುವ ಮುಂಚೆಯೇ ಕೇಳಿ. ಆರ್‌ಒ ಕೂಡ ಫ್ಲೋರೈಡ್ ತೆಗೆಯುತ್ತದೆ, ಆದರೆ ಹೊರಬಿಡುವ ನೀರಿನಲ್ಲಿ ಅದು ಇನ್ನೂ ದಟ್ಟವಾಗಿರುತ್ತದೆ, ಅದನ್ನು ದನಕರುಗಳಿಗೆ ಕುಡಿಸಬೇಡಿ.

ನನ್ನನ್ನು ಕೇಳಿದರೆ, ಚಾವಣಿಯ ಮಳೆನೀರು ಹಿಡಿದಿಡಿ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕುಡಿಯಲು, ಅಡುಗೆಗೆ ಅದು. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರೇ ಸಾಕು.