ಎಪಿಯು ಕೆಟ್ಟಿದ್ದರೂ ವಿಮಾನ ಹಾರಬಹುದಾ?

ಎಪಿಯು (ವಿಮಾನದ ಬಾಲದಲ್ಲಿರುವ ಚಿಕ್ಕ ಎಂಜಿನ್) ಕೆಟ್ಟಿದೆ ಅಂತ ಕ್ಯಾಪ್ಟನ್ ಹೇಳಿದರು, ಎಂಜಿನಿಯರ್ ಬಂದು ಪುಸ್ತಕದಲ್ಲಿ ಸಹಿ ಹಾಕಿ ಹೋದರು, ರಿಪೇರಿ ಮಾಡದೆಯೇ ಹೊರಟೆವು, ಇದು ಸರಿನಾ ಅಂತ ಕೇಳಿದ್ದೀರಿ. ಸರಿ. ನಿಮ್ಮ ಆತಂಕ ಸಹಜ, ಆದರೆ ಆ ಸಹಿ ಸುಮ್ನೆ ಹಾಕಿದ್ದಲ್ಲ.

ಎಂಇಎಲ್ ಅಂತ ಒಂದು ಪಟ್ಟಿ ಇರುತ್ತದೆ. ಯಾವ್ಯಾವ ಭಾಗ ಕೆಟ್ಟಿದ್ದರೆ ಹೊರಡಬಹುದು, ಯಾವ ಷರತ್ತಿನ ಮೇಲೆ ಅನ್ನೋದೆಲ್ಲ ಅದರಲ್ಲಿದೆ. ನಮ್ಮ ದೇಶದಲ್ಲಿ ಅದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಬೇಕು. ಪಟ್ಟಿಯಲ್ಲಿರುವ ದೋಷಗಳನ್ನು ವರ್ಗಗಳಾಗಿ ವಿಂಗಡಿಸಿ ರಿಪೇರಿಗೆ ಗಡುವೂ ಕೊಟ್ಟಿರುತ್ತಾರೆ: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120.

ಈಗ ಎಪಿಯು ಏನು ಮಾಡುತ್ತದೆ ನೋಡಿ. ನೆಲದ ಮೇಲಿದ್ದಾಗ ಕರೆಂಟು, ಏಸಿ, ದೊಡ್ಡ ಎಂಜಿನ್ ಶುರು ಮಾಡಲು ಬೇಕಾದ ಗಾಳಿ, ಎಲ್ಲ ಅದರದ್ದೇ. ಅದಿಲ್ಲದಿದ್ದರೆ ಹೊರಗಿನ ಗಾಡಿಯಿಂದ ಪೈಪ್ ಹಾಕಿ ಗಾಳಿ ಕೊಟ್ಟು ಒಂದು ಎಂಜಿನ್ ಶುರು ಮಾಡುತ್ತಾರೆ. ಇನ್ನೊಂದನ್ನು ಆ ಎಂಜಿನ್ನಿನ ಗಾಳಿಯಿಂದಲೇ ಎಬ್ಬಿಸಬಹುದು. ಹೊರಡುವ ಮುಂಚೆ ಒಳಗೆ ಸೆಖೆ ಜಾಸ್ತಿ ಆಗಿದ್ದರೆ ಕಾರಣ ಎಪಿಯುವಿನ ಏಸಿ ಇಲ್ಲದ್ದೇ. ಮೇಲೆ ಹೋದ ಮೇಲೆ ಕರೆಂಟು ಕೊಡುವುದು ದೊಡ್ಡ ಎಂಜಿನ್ನುಗಳ ಜನರೇಟರುಗಳು.

ಎಂಜಿನಿಯರ್ ಸಹಿ ಹಾಕಿದ್ದು ಟೆಕ್ ಲಾಗ್‌ನಲ್ಲಿ, ಅಂದರೆ ವಿಮಾನದ ದೋಷ-ರಿಪೇರಿ ಬರೆದಿಡುವ ಪುಸ್ತಕದಲ್ಲಿ. ದೋಷ, ಪಟ್ಟಿಯ ನಂಬರು, ಗಡುವು ಬರೆದು, ಕಾಕ್‌ಪಿಟ್‌ನ ಸ್ವಿಚ್ ಪಕ್ಕ ‘ಇನಾಪ್’ (ಕೆಲಸ ಮಾಡುತ್ತಿಲ್ಲ) ಅನ್ನೋ ಸ್ಟಿಕರ್ ಅಂಟಿಸುತ್ತಾರೆ. ಆಮೇಲೂ ಕ್ಯಾಪ್ಟನ್ ಒಪ್ಪಬೇಕು. ದಾರಿಯಲ್ಲಿ ಹವೆ ಕೆಟ್ಟಿದ್ದರೆ ಅಥವಾ ಇಳಿಯುವ ಊರಲ್ಲಿ ಆ ಗಾಳಿ ಗಾಡಿ ಇಲ್ಲದಿದ್ದರೆ ಅವರು ಒಲ್ಲೆ ಅನ್ನಬಹುದು. ನನಗೆ ಹೆಚ್ಚು ಧೈರ್ಯ ಕೊಡುವುದು ಈ ಹಕ್ಕೇ. ಎಪಿಯು ಜೊತೆ ಒಂದು ಎಂಜಿನ್ನಿನ ಜನರೇಟರೂ ಕೆಟ್ಟಿದ್ದರೆ, ಏರ್‌ಬಸ್ ಎ320ಯಂಥ ವಿಮಾನ ರಿಪೇರಿ ಆಗದೆ ಹೊರಡುವ ಹಾಗೇ ಇಲ್ಲ.