ಎರಡು ಗುಂಟೆ ಜಾಗ, ಹತ್ತು ಜನ: ಮನೆಯ ಪ್ಲಾನ್ ಹೇಗೆ ಹಾಕಿಸಬೇಕು?

ನೀವು ಕೇಳಿರುವುದು ಇಷ್ಟು: ಪುಣೆಯ ಮಾಂಜರಿ ಕಡೆ ಎರಡು ಗುಂಟೆ ಪ್ಲಾಟ್ ಇದೆ, 40 ಅಡಿ ಅಗಲ, 54 ಅಡಿ ಉದ್ದ. ಅಜ್ಜಿ, ಅಪ್ಪ-ಅಮ್ಮ, ಅಣ್ಣ-ಅತ್ತಿಗೆ, ನೀವು, ನಿಮ್ಮ ಹೆಂಡತಿ, ಎರಡೂ ಕಡೆಯವರ ಸೇರಿ ಮೂರು ಮಕ್ಕಳು. ಆರು ಬೆಡ್‌ರೂಮ್ ಬೇಕೇ ಬೇಕು ಅಂತ ಮನೆಯವರು, ಅಷ್ಟು ಕೂರುವುದಿಲ್ಲ ಅಂತ ಆರ್ಕಿಟೆಕ್ಟ್. ಎಲ್ಲಿಂದ ಶುರು ಮಾಡಬೇಕು?

ನಾನು ಇಂಡಿ ಕಡೆಯವನು. ಪುಣೆಯಲ್ಲಿ ಸೈಟ್ ಎಂಜಿನಿಯರ್. ಸೋಲಾಪುರ ರಸ್ತೆಯ ಆಚೀಚೆ ನಮ್ಮ ಕಡೆಯವರ ಮನೆಗಳನ್ನೂ ಕಟ್ಟಿಸಿದ್ದೇನೆ. ನನ್ನ ಉತ್ತರ ಇದು: ಬೆಡ್‌ರೂಮ್ ಎಣಿಸುವುದನ್ನು ಸ್ವಲ್ಪ ಬದಿಗಿಡಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮನೆಯಲ್ಲಿ ಯಾರು ಎಲ್ಲಿ ಇರುತ್ತಾರೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೆ ಸ್ಕೂಲ್ ಬಸ್ಸು, ಯಾರಿಗೆ ಡಬ್ಬಿ, ಯಾರದು ಪೂಜೆ, ಯಾರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾರೆ. ದೊಡ್ಡ ಸಂಸಾರದಲ್ಲಿ ಜಗಳ ಹುಟ್ಟುವುದು ಆ ಎರಡೂವರೆ ಗಂಟೆಯಲ್ಲೇ. ಪ್ಲಾನ್ ಕೂಡ ಅಲ್ಲಿಂದಲೇ ಹುಟ್ಟಬೇಕು.

ಮೊದಲು ಲೆಕ್ಕ ಮುಗಿಸೋಣ. 40 ಗುಣಿಸು 54 ಅಂದರೆ 2160 ಚದರ ಅಡಿ. 2020ರ ಡಿಸೆಂಬರ್‌ನಲ್ಲಿ ಬಂದ ಮಹಾರಾಷ್ಟ್ರದ ಕಟ್ಟಡ ನಿಯಮ ಯುಡಿಸಿಪಿಆರ್ ಪ್ರಕಾರ ಮೂಲ ಎಫ್‌ಎಸ್‌ಐ, ಅಂದರೆ ಪ್ಲಾಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ, 1.1. ಹಾಗಾಗಿ 2376 ಚದರ ಅಡಿ ಕಟ್ಟಬಹುದು. ಹಣ ಕಟ್ಟಿದರೆ ಇನ್ನಷ್ಟು ಸಿಗುತ್ತದೆ, ಆದರೆ ಅದು ರಸ್ತೆ ಅಗಲದ ಮೇಲೂ ನಿಂತಿದೆ. ಆ ವಿಷಯ ನಿಮ್ಮ ಆರ್ಕಿಟೆಕ್ಟ್ ನೋಡಿಕೊಳ್ಳಲಿ. ಮುಂದೆ ಹತ್ತು ಅಡಿ, ಉಳಿದ ಮೂರು ಕಡೆ ಐದೈದು ಅಡಿ ಬಿಟ್ಟಿರಿ ಅಂತ ಇಟ್ಟುಕೊಳ್ಳಿ. 30 ಗುಣಿಸು 39, ಒಂದು ಮಹಡಿಗೆ 1170. ಕೆಳಗೆ ಮೇಲೆ ಸೇರಿ 2340. ಸರಿಯಾಗಿ ಕೂರುತ್ತದೆ. ಗೋಡೆಗಳು ತಿನ್ನುವುದನ್ನು ಕಳೆದರೆ ಒಂದೊಂದು ಮಹಡಿಯಲ್ಲಿ ಕೈಗೆ ಸಿಗುವುದು ಸುಮಾರು ಸಾವಿರ ಅಡಿ. ಹಾಂ, 7/12 ಉತಾರಾದಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ, ಹೆಸರು ಏರಿದೆಯಾ, ಆ ಜಾಗದಲ್ಲಿ ಮನೆ ಕಟ್ಟಲು ಕಾನೂನಿನಲ್ಲಿ ಅವಕಾಶ ಇದೆಯಾ ನೋಡಿಕೊಳ್ಳದೆ ಇದ್ಯಾವುದನ್ನೂ ಗೀಚಲು ಹೋಗಬೇಡಿ.

ಕೆಳಗಿನ ಸಾವಿರ ಅಡಿಯನ್ನು ನಾನಾದರೆ ಹೀಗೆ ಹಂಚುತ್ತೇನೆ. ಹಾಲ್ 12×18. ಅಡುಗೆಮನೆ 9×13, ಊಟದ ಜಾಗ 10×12. ಅಪ್ಪ-ಅಮ್ಮನ ಕೋಣೆ 11×12, ಅಜ್ಜಿಯದು 10×11. ಬಚ್ಚಲು, ಸಂಡಾಸು ಎಲ್ಲ ಸೇರಿ 80 ಅಡಿ. ದೇವರ ಕೋಣೆ 4×5, ಮೆಟ್ಟಿಲು 7×14, ಪಾತ್ರೆ-ಬಟ್ಟೆ ತೊಳೆಯಲು 5×9. ಕೂಡಿಸಿದರೆ 938. ಉಳಿದ ಅರವತ್ತು ಅಡಿ ಓಡಾಟಕ್ಕೆ. ಎರಡೇ ಬೆಡ್‌ರೂಮ್ ಆಯಿತಲ್ಲ ಅಂತೀರಿ. ಹೌದು, ಕೆಳಗೆ ಎರಡು ಸಾಕು. ಮೇಲೆ ಎರಡು, ಜೊತೆಗೆ ಮಕ್ಕಳಿಗೆ ಒಂದು ದೊಡ್ಡದು. ಆರನೆಯದು ಬೇಡ.

ಈಗ ಬಚ್ಚಲಿನ ವಿಷಯ. ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಹತ್ತು ಜನ, ತಲೆಗೆ ಹತ್ತು ನಿಮಿಷ ಅಂದರೂ ಒಂದೇ ಬಾತ್‌ರೂಮಿನಲ್ಲಿ ನೂರು ನಿಮಿಷ. ಹಾಗಂತ ಎಲ್ಲ ಕೋಣೆಗೂ ಅಟ್ಯಾಚ್ಡ್ ಮಾಡಿಸಿದರೆ ಜಾಗ ಹೋಯಿತು, ಪೈಪಿನ ಖರ್ಚು ಏರಿತು, ಸೋರುವ ಜಾಗಗಳೂ ಹೆಚ್ಚಿದವು. ಮೇಲೆ ಅಣ್ಣನಿಗೊಂದು, ನಿಮಗೊಂದು ಅಟ್ಯಾಚ್ಡ್ ಇರಲಿ. ಕೆಳಗಿನದನ್ನು ಮಾತ್ರ ಒಡೆದು ಮಾಡಿಸಿ: ಸಂಡಾಸಿಗೆ ಬೇರೆ ಬಾಗಿಲು, ಸ್ನಾನಕ್ಕೆ ಬೇರೆ ಬಾಗಿಲು, ಬೇಸಿನ್ ಹೊರಗೆ ಗೋಡೆಗೆ. ಏಕಕಾಲಕ್ಕೆ ಮೂವರ ಕೆಲಸ ಆಗುತ್ತದೆ. ಇದಕ್ಕೆ ಜಾಗ ಜಾಸ್ತಿ ಬೇಕು ಅಂತ ಎಲ್ಲರೂ ಹೆದರುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕನಿಷ್ಠ ಅಳತೆ ನೋಡಿ: ಎರಡೂ ಒಟ್ಟಿಗಿದ್ದರೆ 2.8 ಚದರ ಮೀಟರ್. ಬೇರೆ ಬೇರೆ ಮಾಡಿದರೆ ಸ್ನಾನಕ್ಕೆ 1.8, ಸಂಡಾಸಿಗೆ 1.1. ವ್ಯತ್ಯಾಸ ಒಂದು ಚದರ ಅಡಿಗಿಂತ ಚೂರು ಜಾಸ್ತಿ, ಜೊತೆಗೆ ಒಂದು ನಾಲ್ಕಿಂಚಿನ ಗೋಡೆ, ಒಂದು ಬಾಗಿಲು. ಅಷ್ಟೇ. ನೀವು ಅದಕ್ಕಿಂತ ದೊಡ್ಡದಾಗಿಯೇ ಮಾಡಿಸುತ್ತೀರಿ, ಆದರೂ ಲೆಕ್ಕ ಹೀಗೇ ಇರುತ್ತದೆ.

ಕೆಳಗೆ ಬಚ್ಚಲು-ಸಂಡಾಸಿಗೆ ಇಟ್ಟ 80 ಅಡಿಯಲ್ಲಿ ಇದು ಅರ್ಧ. ಇನ್ನರ್ಧ ಅಜ್ಜಿಯ ಕೋಣೆಗೆ ಹೊಂದಿಕೊಂಡ ಬಾತ್‌ರೂಮ್. ಅದರ ಬಾಗಿಲು ಹೊರಗಡೆ ತೆರೆಯಬೇಕು. ಸಾಮಾನ್ಯವಾಗಿ ಬಡಗಿ ಎರಡೂವರೆ ಅಡಿಯ ಬಾಗಿಲನ್ನು ಒಳಗೆ ತೆರೆಯುವಂತೆ ಕೂರಿಸಿ ಹೋಗುತ್ತಾನೆ. ಒಳಗೆ ಯಾರಾದರೂ ಜಾರಿ ಬಿದ್ದು ಬಾಗಿಲಿಗೆ ಅಡ್ಡ ಮಲಗಿದರೆ ಹೊರಗಿನವರು ತಳ್ಳಲೂ ಆಗುವುದಿಲ್ಲ, ಒಡೆಯಲೂ ಆಗುವುದಿಲ್ಲ. ಮೂರಡಿ ಬಾಗಿಲು ಇಡಿ, ಹೊಸ್ತಿಲು ಬೇಡ, ಕಮೋಡಿನ ಪಕ್ಕ ಹಿಡಿಕೆ ಹಾಕಿಸಿ. ಇವತ್ತು ಅಜ್ಜಿಗೆ, ನಾಳೆ ಅಪ್ಪನಿಗೆ. ಇನ್ನೊಂದು ಮಾತು: ಮೇಲಿನ ಬಾತ್‌ರೂಮ್ ಕೆಳಗಿನದರ ತಲೆ ಮೇಲೇ ಬರಲಿ. ಹಾಲಿನ ಮೇಲೆ ಬಂದರೆ ಮುಂದೊಂದು ದಿನ ಸೋಫಾ ಮೇಲೆ ಹನಿ ಬೀಳುವುದು ಗ್ಯಾರಂಟಿ.

ಅಡುಗೆಮನೆ ದೊಡ್ಡದಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅಡುಗೆ ಯಾರು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಮೂವರು ಹೆಂಗಸರು ಒಟ್ಟಿಗೆ ನಿಲ್ಲುತ್ತಾರೆ ಅಂದರೆ ನಡುವಿನ ಓಡಾಟಕ್ಕೆ ನಾಲ್ಕು ಅಡಿ ಬಿಡಿ. ಮೂರಡಿ ಆದರೆ ಒಬ್ಬರು ಬಗ್ಗಿದಾಗ ಇನ್ನೊಬ್ಬರು ದಾಟಲಾಗುವುದಿಲ್ಲ. ಜೋಳದ ರೊಟ್ಟಿ ದಿನಾ ಬಡಿಯುವ ಮನೆಯಾದರೆ ಕಟ್ಟೆಯ ಒಂದು ತುಂಡನ್ನು ಮೂವತ್ತು ಇಂಚಿಗೆ ಇಳಿಸಿ, ಉಳಿದದ್ದು ಮೂವತ್ನಾಲ್ಕು ಇರಲಿ. ಎತ್ತರದ ಕಟ್ಟೆಯಲ್ಲಿ ರೊಟ್ಟಿ ಬಡಿದರೆ ಭುಜ ಹೋಗುತ್ತದೆ. ಮಾಡ್ಯುಲರ್ ಕಿಚನ್‌ನವರು ಇದನ್ನು ಒಪ್ಪುವುದಿಲ್ಲ, ನೀವು ಬಿಡಬೇಡಿ. ಅಲ್ಲೇ ಪಕ್ಕದಲ್ಲಿ ಬಾಗಿಲಿರುವ ಚಿಕ್ಕ ಉಗ್ರಾಣ ಬೇಕು. ಊರಿಂದ ಬರುವ ಜೋಳದ ಚೀಲ, ವರ್ಷದ ಖಾರದ ಪುಡಿ, ದೊಡ್ಡ ಪಾತ್ರೆ ಎಲ್ಲಿಡುತ್ತೀರಿ? ಗಣಪತಿ ಹಬ್ಬಕ್ಕೆ ಊರಿನವರೆಲ್ಲ ಪುಣೆ ನೋಡಲು ಬರುತ್ತಾರೆ, ಅವರ ಹಾಸಿಗೆಗೂ ಜಾಗ ಬೇಕಲ್ವಾ? ಅದನ್ನು ಮೆಟ್ಟಿಲ ಕೆಳಗೆ ಮಾಡಿಸಿ.

ಮೆಟ್ಟಿಲು ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿದೆ. ಹಾಲಿನ ನಡುವೆ ಇಟ್ಟರೆ ನೋಡಲು ಚಂದ. ಆದರೆ ರಾತ್ರಿ ಹನ್ನೊಂದಕ್ಕೆ ಆಫೀಸಿಂದ ಬಂದವರು ಟಿವಿ ಮುಂದೆ ಕೂತ ಅಪ್ಪನನ್ನು ದಾಟಿಯೇ ಹೋಗಬೇಕು. ಪೂರ್ತಿ ಹೊರಗೆ ಇಟ್ಟರೆ ಮೇಲಿನವರು ಬೇರೆ ಮನೆಯವರಾಗಿಬಿಡುತ್ತಾರೆ, ಮಕ್ಕಳು ಯಾವಾಗ ಹೋದರು ಬಂದರು ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಮುಂಬಾಗಿಲ ಒಳಗಡೆಯೇ, ಹಾಲಿಗೆ ಹೋಗುವ ಮೊದಲು ಮೆಟ್ಟಿಲು ಇರಬೇಕು. ಅಲ್ಲಿಂದ ಹಾಲಿಗೆ ಇನ್ನೊಂದು ಬಾಗಿಲು. ಇವತ್ತು ಆ ಬಾಗಿಲು ತೆರೆದೇ ಇರಲಿ. ಹತ್ತಡಿ ಎತ್ತರಕ್ಕೆ ಹದಿನೆಂಟು ಮೆಟ್ಟಿಲು ಹಾಕಿಸಿ, ಒಂದೊಂದು ಏಳು ಇಂಚಿನ ಒಳಗೇ ಬರುತ್ತದೆ. ಜಾಗ ಉಳಿಸುತ್ತೇವೆ ಅಂತ ಹದಿನೈದು ಮಾಡಿದರೆ ಎಂಟು ಇಂಚು, ನಿಮ್ಮಮ್ಮ ಟೆರೇಸಿನಲ್ಲಿ ಸಂಡಿಗೆ ಹಾಕುವುದನ್ನೇ ಬಿಡುತ್ತಾರೆ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ: ಮೇಲೆ ಎರಡನೇ ಅಡುಗೆಮನೆ. ಈಗಲೇ ಅದರ ಹೆಸರೆತ್ತಿದರೆ ಅಮ್ಮನಿಗೆ ಬೇಜಾರು, ಒಲೆ ಬೇರೆ ಮಾಡೋಕೆ ಹೊರಟಿದ್ದೀರಾ ಅಂತ ಕೇಳುತ್ತಾರೆ. ಹೆಸರೆತ್ತಬೇಡಿ. ಮೇಲೆ ಬಾತ್‌ರೂಮಿನ ಪೈಪುಗಳು ಇಳಿಯುವ ಡಕ್ಟ್ ಪಕ್ಕ ಆರಡಿ ಜಾಗದಲ್ಲಿ ಒಂದು ಸಿಂಕ್, ನೀರು ಹೋಗುವ ಪೈಪ್, ಒಂದು 16 ಆಂಪಿಯರ್ ಪಾಯಿಂಟ್, ಹೊಗೆ ಹೋಗಲು ಗೋಡೆಯಲ್ಲಿ ಒಂದು ತೂತು ಬಿಡಿಸಿ. ಇವತ್ತು ಅದು ಮಕ್ಕಳ ಹಾಲು ಕಾಯಿಸುವ ಜಾಗ. ನಾಳೆ ಏನಾಗುತ್ತದೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಟೈಲ್ಸ್ ಒಡೆದು ಪೈಪ್ ಎಳೆಯುವ ಖರ್ಚು ಮಾತ್ರ ಉಳಿಯುತ್ತದೆ.

ಅಣ್ಣನ ಕೋಣೆ, ನಿಮ್ಮ ಕೋಣೆ ಒಂದೇ ಅಳತೆ ಇರಲಿ. ಬಾಲ್ಕನಿಯೂ ಅಷ್ಟೇ. ಅರ್ಧ ಅಡಿ ವ್ಯತ್ಯಾಸವನ್ನೂ ಜನ ನೆನಪಿಟ್ಟುಕೊಳ್ಳುತ್ತಾರೆ. ಎರಡು ಕೋಣೆಗಳ ನಡುವೆ ಬರೀ ನಾಲ್ಕಿಂಚಿನ ಗೋಡೆ ಬರದಂತೆ ನೋಡಿಕೊಳ್ಳಿ. ನಡುವೆ ಎರಡೂ ಕಡೆಯ ಬಾತ್‌ರೂಮ್‌ಗಳನ್ನು ಇಟ್ಟರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮಕ್ಕಳ ಕೋಣೆಯನ್ನು 12×16 ಒಂದೇ ಮಾಡಿಸಿ, ಆದರೆ ಎರಡು ಬಾಗಿಲು, ಎರಡು ಕಿಟಕಿ, ಎರಡು ಫ್ಯಾನ್ ಪಾಯಿಂಟ್ ಮೊದಲೇ ಇಡಿ. ದೊಡ್ಡವರಾದಾಗ ನಡುವೆ ಒಂದು ಪಾರ್ಟಿಷನ್ ಹಾಕಿದರೆ ಎರಡು ಕೋಣೆ. ಮನೆಯವರು ಕೇಳುವ ಆರನೆಯ ಬೆಡ್‌ರೂಮ್ ಇದರಲ್ಲೇ ಇದೆ.

ವಾಸ್ತು ಬಗ್ಗೆ ನಾನು ಜಗಳ ಆಡುವುದಿಲ್ಲ. ಆಗ್ನೇಯದಲ್ಲಿ ಅಡುಗೆಮನೆ ಇದ್ದರೆ ಬೆಳಗಿನ ಬಿಸಿಲು ಬರುತ್ತದೆ, ಒಳ್ಳೆಯದೇ. ನೈಋತ್ಯದ ಕೋಣೆ ಮಾತ್ರ ಏಪ್ರಿಲ್-ಮೇನಲ್ಲಿ ಕುಲುಮೆ ಆಗುತ್ತದೆ, ಅದೂ ಮೇಲಿನ ಮಹಡಿಯಲ್ಲಿ. ಅಲ್ಲಿ ಪಶ್ಚಿಮದ ಗೋಡೆಗೆ ಉದ್ದಕ್ಕೂ ಕಪಾಟು ನಿಲ್ಲಿಸಿ, ಕಿಟಕಿ ದಕ್ಷಿಣಕ್ಕೆ ಇಡಿ. ಮಳೆಗಾಲದಲ್ಲಿ ಗಾಳಿಮಳೆ ಬರುವುದೂ ಪಶ್ಚಿಮದಿಂದಲೇ. ಆ ಕಡೆಯ ಕಿಟಕಿಗಳಿಗೆ ಎರಡಡಿ ಛಜ್ಜಾ ಇಲ್ಲದಿದ್ದರೆ ಜುಲೈನಲ್ಲಿ ಗಾದಿ ಒದ್ದೆ.

ನೀರಿನ ಟ್ಯಾಂಕ್ ಪ್ಲಾನಿನ ಭಾಗ, ಆಮೇಲೆ ನೋಡೋಣ ಅನ್ನುವಂಥದ್ದಲ್ಲ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ, ನಿಮಗೆ 1350. ಊರಂಚಿನಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಬಂದಾಗ ನೆಲದಡಿಯ ನಿಮ್ಮ ನೀರಿನ ಹೊಂಡ ಐದು ಸಾವಿರದ್ದಾದರೆ ದುಡ್ಡು ಪೂರ್ತಿ ಕೊಟ್ಟು ಅರ್ಧ ವಾಪಸ್ ಕಳಿಸಬೇಕು. 8×8 ಅಡಿ, ನೀರು ನಿಲ್ಲುವ ಆಳ ಐದೂವರೆ ಅಡಿ ಇದ್ದರೆ ಹತ್ತು ಸಾವಿರ ಹಿಡಿಯುತ್ತದೆ. ಮುಂದಿನ ಹತ್ತಡಿಯಲ್ಲಿ ಇದನ್ನು ಇಡಿ, ಸೆಪ್ಟಿಕ್ ಟ್ಯಾಂಕ್ ಹಿಂದಿನ ಮೂಲೆಗೆ ಹೋಗಲಿ. ನೀರಿನ ಹೊಂಡದ ಮೇಲೆ ಕಾರು ನಿಲ್ಲುತ್ತದೆ ಅಂತ ಮೊದಲೇ ಹೇಳಿ. ಸ್ಲ್ಯಾಬಿನ ಸರಳು ಅದಕ್ಕೆ ತಕ್ಕಂತೆ ಹಾಕುತ್ತಾರೆ.

ಪ್ಲಾನ್ ಕೈಗೆ ಬಂದ ಮೇಲೆ ಫರ್ನಿಚರ್ ಹಾಕಿ ತೋರಿಸಿ ಅಂತ ಆರ್ಕಿಟೆಕ್ಟ್‌ಗೆ ಹೇಳಿ. ಆರೂವರೆ ಅಡಿ ಉದ್ದದ ಮಂಚ, ಎದುರು ಎರಡಡಿಯ ಕಪಾಟು, ನಡುವೆ ಎರಡೂವರೆ ಅಡಿ ಓಡಾಟ: ಹನ್ನೊಂದು ಅಡಿ ಮುಗಿಯಿತು. ಹತ್ತಡಿಯ ಕೋಣೆಯಲ್ಲಿ ಯಾಕೆ ಇಕ್ಕಟ್ಟು ಅಂತ ಆಗ ಅರ್ಥ ಆಗುತ್ತದೆ. ಆಮೇಲೆ ಒಂದು ಭಾನುವಾರ ಎಲ್ಲರನ್ನೂ ಪ್ಲಾಟಿಗೆ ಕರೆದುಕೊಂಡು ಹೋಗಿ. ಸುಣ್ಣದ ಪುಡಿ ತಗೊಳ್ಳಿ, ಇಲ್ಲಿ ಫಕ್ಕಿ ಅಂತಾರೆ. ಕೆಳಗಿನ ಮಹಡಿಯನ್ನು ನೆಲದ ಮೇಲೆ ನಿಜವಾದ ಅಳತೆಯಲ್ಲೇ ಗೆರೆ ಎಳೆಯಿರಿ. ಅಜ್ಜಿಯನ್ನು ಅವರ ಕೋಣೆಯಿಂದ ಬಚ್ಚಲಿಗೆ, ಅಲ್ಲಿಂದ ದೇವರ ಕೋಣೆಗೆ ನಡೆಸಿ ನೋಡಿ. ಅತ್ತಿಗೆಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಫ್ರಿಜ್ ಎಲ್ಲಿ ಅಂತ ಕೇಳಿ. ಬದಲಾಯಿಸುವುದೇನಿದ್ದರೂ ಅಲ್ಲೇ ಕಾಲಿಂದ ಅಳಿಸಿ ಬೇರೆ ಗೆರೆ ಎಳೆಯಬಹುದು. ಪಾಯ ತೆಗೆದ ಮೇಲೆ ಒಂದೊಂದು ಬದಲಾವಣೆಗೂ ಕಾಂಟ್ರಾಕ್ಟರ್ ಬೇರೆ ರೇಟು ಹೇಳುತ್ತಾನೆ.

ರಸ್ತೆ ಯಾವ ದಿಕ್ಕಿಗಿದೆ, ಎಷ್ಟು ಅಗಲ ಅಂತ ನೀವು ಬರೆದಿಲ್ಲ. ಪಶ್ಚಿಮಕ್ಕಿದ್ದರೆ ಮೆಟ್ಟಿಲು, ಉಗ್ರಾಣವನ್ನು ಮುಂದಿನ ಗೋಡೆಗೇ ತನ್ನಿ, ಬಿಸಿಲು ಅವೇ ತಡೆಯಲಿ. ಪೂರ್ವಕ್ಕಿದ್ದರೆ ಹಾಲ್ ಮುಂದೆ, ಅಪ್ಪ-ಅಮ್ಮನ ಕೋಣೆ ಹಿಂದೆ. ಉತ್ತರ ಅಥವಾ ದಕ್ಷಿಣ ಆದರೆ ಕೆಳಗೆ ಬರೆಯಿರಿ, ಸ್ಕೆಚ್ ಹಾಕಿ ಕಳಿಸುತ್ತೇನೆ.