ಡಕ್‌ಟೇಲ್ಸ್ ರೀಮಾಸ್ಟರ್ಡ್: ಮಗಳಿಗೆ ಕೊಡಿಸಬಹುದು

ಎಂಟು ವರ್ಷದ ಮಗಳಿಗೆ ಡಕ್‌ಟೇಲ್ಸ್ ಕಾರ್ಟೂನಿನ ವಿಡಿಯೊ ಗೇಮ್ ಡಕ್‌ಟೇಲ್ಸ್ ರೀಮಾಸ್ಟರ್ಡ್ ಆಗುತ್ತಾ ಎಂದು ಕೇಳಿದ್ದೀರಿ. ಆಗುತ್ತೆ, ಆದರೆ ಪಕ್ಕದಲ್ಲಿ ನೀವೂ ಕೂರಬೇಕು.

ಮೂಡಿಗೆರೆಯಲ್ಲಿ ಮಳೆ ಹಿಡಿದು ಹೊರಗೆ ಕಾಲಿಡಲಾಗದ ವಾರಗಳಲ್ಲಿ ನಾನೂ ನನ್ನ ಮಗನೂ ಇದನ್ನೇ ಆಡಿದ್ದು. 1989ರ ಹಳೆಯ ಗೇಮನ್ನು ವೇಫಾರ್ವರ್ಡ್ ಎಂಬ ಕಂಪನಿ 2013ರಲ್ಲಿ ಹೊಸದಾಗಿ ಮಾಡಿತು. ಆಟದ ಜೀವಾಳ ನಾಯಕ ಬಾತುಕೋಳಿ ಸ್ಕ್ರೂಜ್‌ನ ಊರುಗೋಲು. ಅವನು ಅದರ ಮೇಲೆ ಪುಟಿಯುತ್ತಾನೆ, ಶತ್ರುವಿನ ತಲೆ ಮೇಲೂ, ಮುಳ್ಳಿನ ಮೇಲೂ. ಕೈ ಕೂತ ಮೇಲೆ ಬಿಡೋಕೆ ಮನಸ್ಸೇ ಬರಲ್ಲ. ಹಿಮಾಲಯದ ಮೆತ್ತನೆ ಹಿಮದಲ್ಲಿ ಮಾತ್ರ ಕೋಲು ಹೂತುಕೊಳ್ಳುತ್ತೆ, ಅಲ್ಲಿ ಪುಟಿಯದೆ ನಡೆಯಲು ಹೇಳಿ. ಪಾತ್ರಗಳಂತೂ ಕೈಯಲ್ಲಿ ಬರೆದವು, ಕಾರ್ಟೂನೇ ಓಡಿದ ಹಾಗೆ. ಸ್ಕ್ರೂಜ್‌ಗೆ ದನಿ ಕೊಟ್ಟಿದ್ದು ಕಾರ್ಟೂನಿನ ಅದೇ ಆಲನ್ ಯಂಗ್, ಆಗ ಅವರಿಗೆ 93 ವರ್ಷ! ಚಂದ್ರಲೋಕದ ಸಂಗೀತ ಕೇಳಲಿಕ್ಕೇ ನಾವು ಸುಮ್ನೆ ಆ ಹಂತಕ್ಕೆ ಹೋಗ್ತಿದ್ದೆವು.

ಕೊರತೆ? ಮಾತು ಜಾಸ್ತಿ. ನಾಲ್ಕು ಹೆಜ್ಜೆಗೊಮ್ಮೆ ಪಾತ್ರಗಳ ಮಾತಿಗಾಗಿ ಆಟ ನಿಲ್ಲುತ್ತೆ. ಪಾಝ್ (ಆಟ ತಡೆಯುವ ಬಟನ್) ಒತ್ತಿ ಆ ಮಾತು ದಾಟಿಸಬಹುದು. ಕೊನೆಯ ವೆಸೂವಿಯಸ್ ಜ್ವಾಲಾಮುಖಿಯ ಹಂತ ನಿಜಕ್ಕೂ ಕಠಿಣ. ಜೀವಗಳೆಲ್ಲ ಮುಗಿದರೆ ಇಡೀ ಹಂತ ಮತ್ತೆ ಮೊದಲಿಂದ. ನನ್ನ ಮಗ ಅಲ್ಲಿ ಅತ್ತೇಬಿಟ್ಟ. ಈಸಿ ಮಟ್ಟದಲ್ಲೇ ಶುರು ಮಾಡಿಸಿ, ಆ ಹಂತ ನೀವೇ ಆಡಿಕೊಡಿ.